ರಸಮಂಜರಿ ತಂಡದಲ್ಲಿ ಬಾಸ್ ಗಿಟಾರ್‌ನ ಜಾಗ: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆಯ ಒಂದು ರಸಮಂಜರಿ ತಂಡದ ಬಾಸ್ ಗಿಟಾರ್ (ಹಾಡಿನ ತಗ್ಗಿನ ಸ್ವರಗಳನ್ನು ನುಡಿಸುವ ಗಿಟಾರ್) ವಾದಕರೊಬ್ಬರು ಕೆಲಸ ಕಳೆದುಕೊಳ್ಳುವ ಹಂತಕ್ಕೆ ಬಂದು, ಕಡೆಗೆ ಅರ್ಧ ಕೆಲಸವನ್ನು ತಾವಾಗಿಯೇ ಬಿಟ್ಟುಕೊಟ್ಟು ಉಳಿದರ್ಧವನ್ನು ಗಟ್ಟಿ ಮಾಡಿಕೊಂಡ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅವರನ್ನು ಮಂಜಣ್ಣ ಎಂದು ಕರೆದಿದ್ದೇನೆ; ಅದು ಅವರ ಹೆಸರಲ್ಲ. ತಂಡದ ಹೆಸರನ್ನೂ ಕಾರ್ಯಕ್ರಮ ನಡೆದ ಊರುಗಳ ಗುರುತನ್ನೂ ಬಿಟ್ಟಿದ್ದೇನೆ. ಬರೆಯುವುದಕ್ಕೆ ಅವರೂ ತಂಡದ ಮಾಲೀಕರೂ ಒಪ್ಪಿಗೆ ಕೊಟ್ಟಿದ್ದಾರೆ. ಆ ತಂಡದ ಹಲವು ಕಾರ್ಯಕ್ರಮಗಳಿಗೆ ಧ್ವನಿ ವ್ಯವಸ್ಥೆಯನ್ನು ನಾನೇ ನೋಡಿಕೊಂಡಿದ್ದರಿಂದ ನಡೆದದ್ದನ್ನು ಹತ್ತಿರದಿಂದ ಕಂಡಿದ್ದೇನೆ.

ಹಿನ್ನೆಲೆ

ದಾವಣಗೆರೆ ಹತ್ತಿ ಗಿರಣಿಗಳ ಊರಾಗಿದ್ದಂತೆಯೇ ವೃತ್ತಿ ನಾಟಕ ಕಂಪನಿಗಳ ಊರೂ ಆಗಿತ್ತು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಇಲ್ಲಿಯ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಕಂಪನಿ ನಾಟಕದ ಹಾರ್ಮೋನಿಯಂ, ತಬಲಾ ಕೇಳಿ ಬೆಳೆದ ಊರಿಗೆ ಸಿನಿಮಾ ಹಾಡುಗಳ ಆರ್ಕೆಸ್ಟ್ರಾ ಹೊಸದೆನಿಸಲಿಲ್ಲ. ಗಣೇಶನ ಹಬ್ಬ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ನವೆಂಬರ್ ತಿಂಗಳ ರಾಜ್ಯೋತ್ಸವ, ಮದುವೆಯ ಆರತಕ್ಷತೆ, ಇವೇ ಇಲ್ಲಿಯ ತಂಡಗಳ ವರ್ಷದ ದುಡಿಮೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದರೂ ತಂಡಗಳಿಗೆ ಆ ಗಡಿ ಲೆಕ್ಕಕ್ಕಿಲ್ಲ. ಹರಿಹರ, ಮಲೇಬೆನ್ನೂರು, ಚನ್ನಗಿರಿ, ಜಗಳೂರಿಗೆ ಹೋಗುವ ವಾಹನವೇ ಭರಮಸಾಗರ, ಹೊಳಲ್ಕೆರೆ, ಚಿತ್ರದುರ್ಗಕ್ಕೂ ಹೋಗುತ್ತದೆ.

ಮಂಜಣ್ಣ ಹಗಲು ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸುತ್ತಾರೆ, ರಾತ್ರಿ ಬಾಸ್ ನುಡಿಸುತ್ತಾರೆ. ರಾಜನ್–ನಾಗೇಂದ್ರ, ಹಂಸಲೇಖ, ಇಳಯರಾಜ ಇವರ ಹಾಡುಗಳ ಬಾಸ್ ನಡೆಯನ್ನು ಕಿವಿಯಿಂದಲೇ ಕಲಿತವರು. ತಂಡದಲ್ಲಿ ಅವರದು ಹಳೆಯ ಜಾಗ. ಆದರೆ ಸಂಭಾವನೆಯ ಪಟ್ಟಿಯಲ್ಲಿ ಗಾಯಕರು ಮೊದಲು, ಕೀಬೋರ್ಡ್ ಆಮೇಲೆ, ರಿದಂ ಪ್ಯಾಡ್ (ತಾಳವಾದ್ಯಗಳ ಸದ್ದು ಕೊಡುವ ಎಲೆಕ್ಟ್ರಾನಿಕ್ ಸಾಧನ) ಅದರ ನಂತರ, ಬಾಸ್ ಕೊನೆಗೆ. ಮುಂದೆ ಕೂತವರು ಗಾಯಕರನ್ನು ಗುರುತಿಸುತ್ತಾರೆ, ಕೀಬೋರ್ಡ್ ವಾದಕರ ಬೆರಳುಗಳನ್ನೂ ಗಮನಿಸುತ್ತಾರೆ. ಬಾಸ್ ಹಿಡಿದು ಹಿಂದೆ ನಿಂತವರು ಏನು ಮಾಡುತ್ತಿದ್ದಾರೆಂಬುದು ಬಹುಪಾಲು ಜನರಿಗೆ ತಿಳಿಯುವುದೇ ಇಲ್ಲ.

ಸಮಸ್ಯೆ ಎದ್ದದ್ದು

ತಂಡಕ್ಕೆ ಹೊಸ ಕೀಬೋರ್ಡ್ ಬಂತು. ಅದರಲ್ಲಿ ಬಾಸ್ ಗಿಟಾರ್‌ನ ನಾದವೂ ಚೆನ್ನಾಗಿಯೇ ಇತ್ತು. ಜೊತೆಗೆ ಸಣ್ಣ ಆರತಕ್ಷತೆಗಳಿಗೆ ಲ್ಯಾಪ್‌ಟಾಪಿನ ಟ್ರ್ಯಾಕ್ (ಮೊದಲೇ ಮುದ್ರಿಸಿದ ವಾದ್ಯಸಂಗೀತ) ಹಾಕಿ ಇಬ್ಬರು ಗಾಯಕರನ್ನಷ್ಟೇ ಕಳುಹಿಸುವ ಪದ್ಧತಿ ಊರಿನ ಬೇರೆ ತಂಡಗಳಲ್ಲಿ ಆಗಲೇ ಶುರುವಾಗಿತ್ತು. ಕಾರ್ಯಕ್ರಮ ಕೊಡಿಸುವವರು ಚೌಕಾಸಿ ಮಾಡಿದಾಗಲೆಲ್ಲ ಮಾಲೀಕರು ಮೊದಲು ಕೈಹಾಕುತ್ತಿದ್ದುದು ಬಾಸ್‌ನ ಸಂಭಾವನೆಗೆ. ಒಂದು ತಾಲೀಮಿನ ನಂತರ ಅವರು ಬಾಯಿಬಿಟ್ಟು ಹೇಳಿದರು: "ನೀ ಬಾರ್ಸಿದ್ರೂ ಅಷ್ಟೇ, ಬಾರ್ಸದಿದ್ರೂ ಅಷ್ಟೇ ಮಂಜಾ. ಮುಂದೆ ಕೂತೋರಿಗೆ ಏನೂ ಗೊತ್ತಾಗಂಗಿಲ್ಲ. ದೊಡ್ಡ ಪ್ರೋಗ್ರಾಂ ಬಂದ್ರೆ ಹೇಳ್ತೀನಿ."

ಈ ಮಾತು ಮಂಜಣ್ಣನವರಿಗೆ ನೋವು ಕೊಟ್ಟಿತು. ಆದರೆ ಈ ಪ್ರಕರಣವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಮಾತು ಬಹುಮಟ್ಟಿಗೆ ನಿಜವಾಗಿತ್ತು ಎಂಬುದನ್ನು ಒಪ್ಪಿಕೊಂಡೇ ಹೊರಡಬೇಕು. ಮುಂದೆ ಕೂತವರಿಗೆ ಬಾಸ್ ಕೇಳುತ್ತಿರಲಿಲ್ಲ. ನಾಲ್ಕು ತಂತಿಯ ಬಾಸ್‌ನ ಅತಿ ತಗ್ಗಿನ ಸ್ವರದ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ಅದರ ಮುಂದಿನದು 55 ಬಾರಿ. ಹಳ್ಳಿಯ ಪೆಂಡಾಲಿನಲ್ಲಿ ಕಂಬಕ್ಕೆ ಕಟ್ಟುವ ಹಾರ್ನ್‌ಗಳು ಈ ಕಂಪನಗಳನ್ನು ಹೊರಡಿಸುವುದೇ ಇಲ್ಲ. ಅವು ಭಾಷಣಕ್ಕೆ ಹುಟ್ಟಿದ ಸಾಧನಗಳು. ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವೂ ಇತ್ತು. ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಎರಡು ಪ್ರಯತ್ನಗಳು

ಮಂಜಣ್ಣ ಮೊದಲು ಮಾಡಿದ್ದು ಸಂಭಾವನೆ ಇಳಿಸಿಕೊಳ್ಳುವುದು. ಹಳೆಯ ದರದ ಅರ್ಧಕ್ಕೆ ಬರುತ್ತೇನೆ, ಆದರೆ ಎಲ್ಲ ಕಾರ್ಯಕ್ರಮಕ್ಕೂ ಕರೆಯಿರಿ ಎಂದರು. ಒಂದು ಮದುವೆ ಸೀಸನ್ ಪೂರ್ತಿ ಹಾಗೆಯೇ ನಡೆಯಿತು. ಇದರಿಂದ ಆದದ್ದು ಎರಡು. ಮಾಲೀಕರ ಕಣ್ಣಿನಲ್ಲಿ ಬಾಸ್ ಎಂಬುದು ದಾಕ್ಷಿಣ್ಯಕ್ಕೆ ಇಟ್ಟುಕೊಂಡ ಸಂಗತಿಯಾಯಿತು. ಅದೇ ದರವನ್ನು ತೋರಿಸಿ ರಿದಂ ಪ್ಯಾಡ್‌ನವರ ಸಂಭಾವನೆಯನ್ನೂ ಜಗ್ಗಲು ನೋಡಿದ್ದರಿಂದ ತಂಡದೊಳಗೆ ಮುನಿಸು ಹುಟ್ಟಿತು. ದರ ಇಳಿಸಿದವರು ತಮ್ಮೊಬ್ಬರ ದರವನ್ನಷ್ಟೇ ಇಳಿಸಿರುವುದಿಲ್ಲ. ರಸಮಂಜರಿ ಲೋಕದಲ್ಲಿ ಎಲ್ಲರ ಸಂಭಾವನೆಯೂ ಎಲ್ಲರಿಗೂ ಗೊತ್ತಿರುತ್ತದೆ, ಹಾಗಾಗಿ ಒಬ್ಬರ ಇಳಿಕೆ ಮರುದಿನವೇ ಇನ್ನೊಬ್ಬರ ಚೌಕಾಸಿಗೆ ಆಧಾರವಾಗುತ್ತದೆ.

ಎರಡನೆಯ ಪ್ರಯತ್ನ ಸದ್ದು ಹೆಚ್ಚಿಸುವುದು. ಕೇಳದಿದ್ದರೆ ತಾನೇ ಬೇಡ ಎನ್ನುವುದು, ಕೇಳುವಂತೆ ಮಾಡುತ್ತೇನೆ ಎಂದು ಅವರು ಕಂತಿನ ಮೇಲೆ 15 ಇಂಚಿನ ಸ್ಪೀಕರ್ ಇರುವ ಆಂಪ್ (ವಾದ್ಯದ ಸದ್ದು ಹೆಚ್ಚಿಸುವ ಪೆಟ್ಟಿಗೆ) ಕೊಂಡರು. ಫಲಿತಾಂಶ ಮೊದಲಿಗಿಂತ ಕೆಟ್ಟದಾಯಿತು. 55 ಕಂಪನಗಳ ಸ್ವರದ ಅಲೆಯ ಉದ್ದ ಆರು ಮೀಟರಿಗಿಂತ ಸ್ವಲ್ಪ ಹೆಚ್ಚು, 41ರದು ಎಂಟು ಮೀಟರಿಗಿಂತ ಹೆಚ್ಚು. ಇಷ್ಟುದ್ದದ ಅಲೆಗಳು ಕಲ್ಯಾಣ ಮಂಟಪದ ಬೋಳು ಗೋಡೆಗಳ ನಡುವೆ ಹಿಂದಕ್ಕೂ ಮುಂದಕ್ಕೂ ಬಡಿದು, ಒಂದು ಸಾಲಿನಲ್ಲಿ ಕುಳಿತವರ ಎದೆ ನಡುಗಿಸಿದರೆ ನಾಲ್ಕು ಸಾಲು ಹಿಂದೆ ಮಾಯವಾಗುತ್ತವೆ. ಹಲಗೆ ಜೋಡಿಸಿದ ವೇದಿಕೆ ಬೇರೆ ತಾನೇ ಗುಂಯ್‌ಗುಡತೊಡಗುತ್ತದೆ. ಗಾಯಕಿ ಶ್ರುತಿ ಸಿಗುತ್ತಿಲ್ಲವೆಂದು ಕಾರ್ಯಕ್ರಮದ ನಡುವೆಯೇ ನನ್ನತ್ತ ಕೈಮಾಡಿ ಬಾಸ್ ಇಳಿಸಿ ಎಂದು ಸನ್ನೆ ಮಾಡಿದ್ದು ನೆನಪಿದೆ.

ಆ ಆಂಪಿನ ಇನ್ನೊಂದು ಫಲ ತಡವಾಗಿ ತಿಳಿಯಿತು. ಮಂಜಣ್ಣನವರ ಕಿವಿಯಲ್ಲಿ ಕಾರ್ಯಕ್ರಮ ಮುಗಿದ ಮೇಲೂ ಸಣ್ಣ ಸಿಳ್ಳೆಯಂಥ ಸದ್ದು ನಿಲ್ಲದಾಯಿತು. ಪರೀಕ್ಷೆ ಮಾಡಿಸಿದಾಗ 4000 ಹರ್ಟ್ಸ್ ಆಸುಪಾಸಿನ ಸದ್ದು ಅವರಿಗೆ ಕಡಿಮೆ ಕೇಳುತ್ತಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದು ವೈದ್ಯರು ಹೇಳಿದರು. ವರ್ಷಗಟ್ಟಲೆ ಜೋರು ಸದ್ದಿನಲ್ಲಿ ಕೆಲಸ ಮಾಡಿದವರ ಕಿವಿ ಮೊದಲು ಸೋಲುವುದು ಸಾಮಾನ್ಯವಾಗಿ ಈ ಮಟ್ಟದಲ್ಲೇ. ಬಾಸ್ ವಾದಕರಿಗೆ ಇದು ವಿಶೇಷ ಅಪಾಯ, ಏಕೆಂದರೆ ಅವರು ನುಡಿಸುವ ಸ್ವರಗಳು ಇದಕ್ಕಿಂತ ಬಹಳ ಕೆಳಗಿರುತ್ತವೆ, ತಮ್ಮ ವಾದ್ಯ ತಮಗೆ ಚೆನ್ನಾಗಿಯೇ ಕೇಳುತ್ತಿರುತ್ತದೆ, ಹಾಗಾಗಿ ಕಿವಿ ಕೆಡುತ್ತಿರುವುದು ನುಡಿಸುವಾಗ ಗೊತ್ತಾಗುವುದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದಾದರೆ, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕೆ ಇಳಿಯಬೇಕು. 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ. ನಮ್ಮ ವೇದಿಕೆಗಳ ಮೇಲೆ ಮೂರು ತಾಸು ನಿಲ್ಲುವವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತಿರುವು: ತಾಲೀಮಿನ ಧ್ವನಿಮುದ್ರಣ

ಹರಿಹರದ ಕಡೆಯ ಒಂದು ಕಾರ್ಯಕ್ರಮದಲ್ಲಿ ಒಂದು ಹಾಡಿನ ಆರಂಭವೇ ಎಡವಟ್ಟಾಯಿತು. ಹಿಂದಿನ ಹಾಡಿಗೆ ಕೀಬೋರ್ಡ್ ವಾದಕರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಶ್ರುತಿಯನ್ನು ಎರಡು ಮನೆ ಇಳಿಸಿಕೊಂಡಿದ್ದರು, ಮತ್ತೆ ಏರಿಸಲು ಮರೆತಿದ್ದರು. ಗುಂಡಿ ಒತ್ತಿದರೆ ಇಳಿಯುವುದು ಕೀಬೋರ್ಡ್ ಮಾತ್ರ. ಬಾಸ್ ವಾದಕರು ಬೆರಳಿನ ಜಾಗವನ್ನೇ ಬದಲಿಸಬೇಕು. ಕೀಬೋರ್ಡ್ ಒಂದು ಶ್ರುತಿಯಲ್ಲಿ, ಬಾಸ್ ಇನ್ನೊಂದರಲ್ಲಿ ಎದ್ದಾಗ ಗಾಯಕಿ ತಡವರಿಸಿದರು. ಮುಂದಿನ ತಾಲೀಮನ್ನು ಮಾಲೀಕರು ಫೋನಿನಲ್ಲಿ ಮುದ್ರಿಸಿಕೊಳ್ಳಲು ಹೇಳಿದ್ದು ತಪ್ಪು ಯಾರದೆಂದು ಹಿಡಿಯಲು. ಸಿಕ್ಕಿದ್ದು ಮಾತ್ರ ಬೇರೆ.

ಮುದ್ರಣವನ್ನು ಹೆಡ್‌ಫೋನಿನಲ್ಲಿ ಹಾಕಿಕೊಂಡು ಮಂಜಣ್ಣ, ಕೀಬೋರ್ಡ್ ವಾದಕರು ಮತ್ತು ನಾನು ಸರದಿಯಂತೆ ಕೇಳಿದೆವು. ಪಲ್ಲವಿಯ ಎರಡನೆಯ ಸಾಲಿನಲ್ಲಿ ಬಾಸ್ ಗಿಟಾರ್ ಕೆಳಗಿನಿಂದ ಮೇಲಕ್ಕೆ ನಾಲ್ಕು ಸ್ವರಗಳ ನಡೆ ಹಾಕುತ್ತಿತ್ತು. ಅದೇ ಕ್ಷಣದಲ್ಲಿ ಕೀಬೋರ್ಡ್ ವಾದಕರ ಎಡಗೈ ಅದೇ ಸ್ಥಾಯಿಯಲ್ಲಿ, ಹೆಚ್ಚುಕಡಿಮೆ ಅವೇ ಸ್ವರಗಳನ್ನು, ಒಂದು ಕೂದಲೆಳೆಯಷ್ಟು ಹಿಂದುಮುಂದಾಗಿ ನುಡಿಸುತ್ತಿತ್ತು. ರಿದಂ ಪ್ಯಾಡಿನ ಕಿಕ್ (ದೊಡ್ಡ ಡ್ರಮ್ಮಿನ) ಸದ್ದು ಬೇರೆ ಉದ್ದವಾಗಿ ಎಳೆದು ಅದೇ ಜಾಗದ ಮೇಲೆ ಬೀಳುತ್ತಿತ್ತು. ಮೂವರೂ ಒಂದೇ ಜಾಗದಲ್ಲಿ ನಿಂತಿದ್ದರಿಂದ ಒಬ್ಬರ ಸ್ವರವೂ ಬಿಡಿಸಿ ಕೇಳುತ್ತಿರಲಿಲ್ಲ. ಬಾಸ್ ನಿಲ್ಲಿಸಿದರೂ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಮಾಲೀಕರು ಹೇಳಿದ್ದು ಈ ಕಾರಣಕ್ಕೆ ಸರಿಯಾಗಿತ್ತು: ಬಾಸ್ ನಿಲ್ಲಿಸಿದರೂ ಎಡಗೈ ನಿಲ್ಲುತ್ತಿರಲಿಲ್ಲ.

ಕೀಬೋರ್ಡ್ ವಾದಕರು ಬಾಸ್ ಇಲ್ಲದ ಆರತಕ್ಷತೆಗಳಲ್ಲಿ ಎಡಗೈಯಿಂದ ಆ ಕೆಲಸ ಮಾಡಿ ಮಾಡಿ ಅಭ್ಯಾಸವಾಗಿ, ಬಾಸ್ ಇದ್ದ ದಿನವೂ ಅದನ್ನೇ ಮಾಡುತ್ತಿದ್ದರು. ಇದರಲ್ಲಿ ಅವರ ದೋಷವನ್ನು ಎಣಿಸುವುದು ಸರಿಯಲ್ಲ. ವಯಸ್ಸಿನಲ್ಲಿ ಚಿಕ್ಕವರಾದ ಅವರು, "ಅಣ್ಣಾ, ನೀವು ಅಲ್ಲಿ ಹೋಗ್ತೀರಂತ ನಂಗೆ ಕೇಳ್ತಾನೇ ಇರ್ಲಿಲ್ಲ" ಎಂದರು. ಮಂಜಣ್ಣನವರಿಗೆ ವೇದಿಕೆಯವರಿಗಾಗಿ ಇಟ್ಟ ಸ್ಪೀಕರ್, ಅಂದರೆ ಮಾನಿಟರ್‌ನಲ್ಲಿ ಕೀಬೋರ್ಡ್ ಕೇಳುತ್ತಿರಲಿಲ್ಲ, ಕೀಬೋರ್ಡ್‌ನವರಿಗೆ ಬಾಸ್ ಕೇಳುತ್ತಿರಲಿಲ್ಲ. ಇಬ್ಬರೂ ಗಾಯಕರ ದನಿಯನ್ನಷ್ಟೇ ಹಿಡಿದುಕೊಂಡು ವರ್ಷಗಳಿಂದ ಪಕ್ಕಪಕ್ಕದಲ್ಲಿ ನಿಂತಿದ್ದರು.

ಈ ಪ್ರಕರಣದ ಮುಖ್ಯ ನಿರ್ಧಾರ ಇಲ್ಲಿಯದು. ಜಗಳ ತೆಗೆಯಲು, ಇಲ್ಲವೇ ಮಾಲೀಕರ ಮುಂದೆ ಹೋಗಿ ನೋಡಿ ತಪ್ಪು ನನ್ನದಲ್ಲ ಎನ್ನಲು ಮಂಜಣ್ಣನವರಿಗೆ ಅವಕಾಶವಿತ್ತು. ಅವರು ಹಾಗೆ ಮಾಡದೆ ಕೀಬೋರ್ಡ್ ವಾದಕರೊಡನೆ ಕುಳಿತು ಸ್ವರಗಳ ಜಾಗ ಹಂಚಿಕೊಂಡರು. ಬಾಸ್ ಇರುವ ದಿನ ಎಡಗೈ ನಡುವಿನ ಸಿ ಮನೆಯಿಂದ ಒಂದು ಸ್ಥಾಯಿಗಿಂತ ಕೆಳಗೆ ಇಳಿಯಬಾರದು. ಬಾಸ್ ಕೂಡ ಅಲ್ಲಿಂದ ಮೇಲೆ ಹತ್ತಿ ಅಲಂಕಾರ ಮಾಡಬಾರದು. ಪ್ಯಾಡಿನ ಕಿಕ್‌ಗೆ ಬೇಗ ಕಡಿಯುವ ಗಿಡ್ಡ ಸದ್ದನ್ನು ಆರಿಸಿಕೊಂಡರು. 15 ಇಂಚಿನ ಆಂಪು ಮಾರಾಟವಾಯಿತು; ಬಾಸ್ ಡಿಐ ಬಾಕ್ಸಿನ (ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಸಾಧನ) ಮೂಲಕ ನೇರವಾಗಿ ನನ್ನ ಮಿಕ್ಸರಿಗೆ ಬಂತು. ಹಾರ್ನ್ ಮಾತ್ರ ಇರುವ ಊರಿಗೆ ಹೋದಾಗ ಮಂಜಣ್ಣ ತಂತಿ ಮೀಟುವ ಕೈಯನ್ನು ಬ್ರಿಡ್ಜ್ (ತಂತಿಗಳ ಬುಡದ ಕುದುರೆ) ಕಡೆಗೆ ಸರಿಸಿ ನುಡಿಸತೊಡಗಿದರು. ಅಲ್ಲಿ ಮೀಟಿದರೆ ಮೂಲ ಸ್ವರಕ್ಕಿಂತ ಅದರ ಮೇಲಿನ ಅನುನಾದಗಳು (ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸೂಕ್ಷ್ಮ ಸ್ವರಗಳು) ಹೆಚ್ಚು ಎದ್ದು ಬರುತ್ತವೆ. ಮೂಲ ಸ್ವರವನ್ನು ಸ್ಪೀಕರ್ ಹೊರಡಿಸದಿದ್ದರೂ ಆ ಅನುನಾದಗಳಿಂದಲೇ ಕೇಳುಗರ ಕಿವಿ ಸ್ವರವನ್ನು ಗುರುತಿಸಿಕೊಳ್ಳುತ್ತದೆ. ಸದ್ದು ಏರಿಸದೆಯೇ ಬಾಸ್ ಕೇಳತೊಡಗಿದ್ದು ಹೀಗೆ.

ಶ್ರುತಿಯ ಗೊಂದಲಕ್ಕೆ ಅವರು ಒಂದು ನೋಟ್‌ಬುಕ್ ಮಾಡಿದರು. ರೂಲು ಹಾಕಿದ ಉದ್ದನೆಯ ಪುಸ್ತಕ. ಹಾಡಿನ ಮೊದಲ ಸಾಲು, ಹಾಡುವವರು, ಶ್ರುತಿ, ಬಿಜಿಎಂ (ಹಾಡಿನ ನಡುವೆ ಬರುವ ವಾದ್ಯಸಂಗೀತ), ಮುಕ್ತಾಯ ಎಂದು ಐದು ಕಾಲಂ. ಒಂದು ಸಾಲಿನಲ್ಲಿ "ಬಿಳಿ 2, ಎರಡನೇ ಬಿಜಿಎಂ ಇಲ್ಲ, ನೇರ ಚರಣ, ಪಲ್ಲವಿ ಎರಡು ಸಲ, ಕಟ್" ಎಂದಿದ್ದರೆ ಅದರ ಕೆಳಗೆ ಕೆಂಪು ಶಾಯಿಯಲ್ಲಿ "ನೆಗಡಿ ಇದ್ದರೆ ಬಿಳಿ 1" ಎಂದಿರುತ್ತದೆ (ಬಿಳಿ 1, ಬಿಳಿ 2 ಎಂದರೆ ಹಾರ್ಮೋನಿಯಂನ ಬಿಳಿ ಮನೆಗಳ ಲೆಕ್ಕದಲ್ಲಿ ಶ್ರುತಿಯ ಹೆಸರು). ಪ್ರತಿ ಹಾಡಿಗೂ ಮೊದಲು ಅವರು ಶ್ರುತಿಯನ್ನು ಹೇಳುವುದು, ಉಳಿದವರು ತಲೆಯಾಡಿಸಿದ ಮೇಲೆಯೇ ಪ್ಯಾಡ್ ಎಣಿಕೆ ಶುರುಮಾಡುವುದು ತಂಡದ ರೂಢಿಯಾಯಿತು.

ಎರಡನೆಯ ನಿರ್ಧಾರ: ಬಿಟ್ಟುಕೊಟ್ಟದ್ದು

ಇದಿಷ್ಟೂ ಆದ ಮೇಲೆ ಮಾಲೀಕರು ತಾವಾಗಿಯೇ ಮಂಜಣ್ಣನವರನ್ನು ಎಲ್ಲ ಕಾರ್ಯಕ್ರಮಕ್ಕೂ ಕರೆಯಲು ಸಿದ್ಧರಾದರು. ಆಗ ಮಂಜಣ್ಣ ಯಾರೂ ನಿರೀಕ್ಷಿಸದ ಮಾತನಾಡಿದರು: ಆರತಕ್ಷತೆಗಳಿಗೆ ನಾನು ಬರುವುದಿಲ್ಲ, ಗಣೇಶ, ಜಾತ್ರೆ, ರಾಜ್ಯೋತ್ಸವಕ್ಕೆ ಮಾತ್ರ ಬರುತ್ತೇನೆ, ಅವಕ್ಕೆ ಹಳೆಯ ಪೂರ್ಣ ದರ ಕೊಡಬೇಕು.

ಆರತಕ್ಷತೆಯಲ್ಲಿ ಟ್ರ್ಯಾಕ್ ಚೆನ್ನಾಗಿಯೇ ನಡೆಯುತ್ತಿತ್ತು ಎಂಬುದನ್ನು ಅವರು ಕಂಡಿದ್ದರು. ಬಂದವರು ಊಟ, ಫೋಟೋ, ಮಾತುಕತೆಯಲ್ಲಿರುತ್ತಾರೆ. ಹಾಡು ಹಿನ್ನೆಲೆಗೆ ಬೇಕು, ಮೆಲ್ಲಗೆ ಬೇಕು, ತಪ್ಪಿಲ್ಲದೆ ಬೇಕು. ಆ ಕೆಲಸಕ್ಕೆ ಟ್ರ್ಯಾಕ್ ಸಾಕು. ಪೆಂಡಾಲಿನ ಕೆಲಸವೇ ಬೇರೆ. ಅಲ್ಲಿ ಒನ್ಸ್ ಮೋರ್ ಬರುತ್ತದೆ, ಕುಣಿಯುವವರಿದ್ದರೆ ಪಲ್ಲವಿ ಬೆಳೆಯುತ್ತದೆ, ಸಮಿತಿಯ ಹಿರಿಯರೊಬ್ಬರು ನಾನೂ ಒಂದು ಹಾಡು ಹೇಳುತ್ತೇನೆ ಎಂದು ವೇದಿಕೆ ಹತ್ತುತ್ತಾರೆ. ಹೊಳಲ್ಕೆರೆ ಕಡೆಯ ಒಂದು ಗಣೇಶೋತ್ಸವದಲ್ಲಿ ಹಾಗೆ ಹತ್ತಿದವರು ಚರಣವನ್ನು ಎರಡು ಮಾತ್ರೆ ಮೊದಲೇ ಎತ್ತಿಕೊಂಡರು. ಮಂಜಣ್ಣ ಬಿಜಿಎಂ ಬಿಟ್ಟು ತಕ್ಷಣ ಚರಣದ ಮೂಲ ಸ್ವರಕ್ಕೆ ಬಂದು, ಪ್ಯಾಡ್‌ನವರತ್ತ ತಿರುಗಿ ತಲೆಯಿಂದಲೇ ಹೊಸ ಸಮವನ್ನು (ತಾಳದ ಮೊದಲ ಏಟನ್ನು) ತೋರಿಸಿದರು. ಪ್ಯಾಡ್ ಅವರನ್ನು ಹಿಡಿಯಿತು, ಕೀಬೋರ್ಡ್ ಪ್ಯಾಡನ್ನು ಹಿಡಿಯಿತು, ಹಿರಿಯರು ತಾವು ತಪ್ಪಿದ್ದು ತಿಳಿಯದೆಯೇ ಹಾಡು ಮುಗಿಸಿದರು. ಶ್ರುತಿ ಮತ್ತು ಲಯ ಎರಡನ್ನೂ ಒಂದೇ ಏಟಿನಲ್ಲಿ ತಿಳಿಸಬಲ್ಲ ವಾದ್ಯ ಬಾಸ್. ತಪ್ಪಿದ ತಂಡ ಅದನ್ನು ಹಿಡಿದು ಮರಳಿ ಕೂಡುತ್ತದೆ. ಈ ಗುಣಕ್ಕೆ ಬೆಲೆ ಬರುವುದು ಏನು ಬೇಕಾದರೂ ಆಗಬಹುದಾದ ವೇದಿಕೆಯಲ್ಲಿ. ಎಲ್ಲವೂ ಮೊದಲೇ ಗೊತ್ತಿರುವ ಸಭಾಂಗಣದಲ್ಲಿ ಅದಕ್ಕೆ ಕೆಲಸವಿಲ್ಲ.

ಅವರ ನಿರ್ಧಾರದ ಹಿಂದೆ ಅಂಗಡಿಯ ಲೆಕ್ಕವೂ ಇತ್ತು. ಮದುವೆಗಳು ದಟ್ಟವಾಗಿ ಬರುವುದು ಬೇಸಿಗೆಯಲ್ಲಿ. ಬೋರ್‌ವೆಲ್ ನೀರು ಕೆಳಗಿಳಿದು, ವೋಲ್ಟೇಜ್ ಕುಸಿದು, ಪಂಪ್‌ಸೆಟ್ ಮೋಟಾರುಗಳು ಸುಡುವುದೂ ಅದೇ ತಿಂಗಳುಗಳಲ್ಲಿ. ಚನ್ನಗಿರಿ ಕಡೆಯ ಅಡಿಕೆ ತೋಟಗಳಿಂದ, ಭದ್ರಾ ನಾಲೆಯ ಕೊನೆಯ ಭಾಗದ ಹಳ್ಳಿಗಳಿಂದ ಬರುವ ಮೋಟಾರುಗಳನ್ನು ಮರುದಿನವೇ ಕೊಡಬೇಕಾದಾಗ, ಆರತಕ್ಷತೆ ಮುಗಿಸಿ ನಡುರಾತ್ರಿ ಮನೆ ಸೇರಿದವರು ಬೆಳಿಗ್ಗೆ ವೈಂಡಿಂಗ್‌ಗೆ ಕೂರಲಾರರು. ಗಣೇಶನ ಹಬ್ಬ ಬರುವುದು ಮಳೆಗಾಲದಲ್ಲಿ, ಅಂಗಡಿ ಸಡಿಲವಾಗಿರುವಾಗ. ಅರ್ಧ ದರದ ಸೀಸನ್ನಿನಲ್ಲಿ ಅವರು ಆರತಕ್ಷತೆಗಳಿಂದ ಗಳಿಸಿದ್ದಕ್ಕಿಂತ ಆ ಕಾರಣಕ್ಕೆ ಅಂಗಡಿಯಲ್ಲಿ ಕಳೆದುಕೊಂಡದ್ದು ಹೆಚ್ಚಿತ್ತು ಎಂಬುದನ್ನು ಅವರ ಮನೆಯವರು ಲೆಕ್ಕದ ಪುಸ್ತಕ ತೆರೆದು ತೋರಿಸಿದ್ದರಂತೆ.

ಮಾಲೀಕರು ಒಂದು ವಾರ ಉತ್ತರ ಕೊಡಲಿಲ್ಲ. ಆಮೇಲೆ ಒಪ್ಪಿದರು. ಒಪ್ಪಂದವನ್ನು ವಾಟ್ಸಾಪ್ ಸಂದೇಶವಾಗಿ ಬರೆದುಕೊಂಡರು: ತಾರೀಖು ಗೊತ್ತಾದ ದಿನವೇ ಮುಂಗಡ; ಮಳೆಯಿಂದ ನಿಂತರೆ ಮುಂಗಡ ಹಿಂದಿರುಗಿಸುವಂತಿಲ್ಲ; ವೇದಿಕೆ ಹತ್ತಿದ ಮೇಲೆ ಬೇಗ ನಿಂತರೂ ಪೂರ್ಣ ಸಂಭಾವನೆ. ಕೊನೆಯ ಅಂಶ ಅನುಭವದಿಂದ ಬಂದದ್ದು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ; ವರ್ಷಕ್ಕೆ 15 ದಿನ ಮೀರದಂತೆ ಹಬ್ಬದ ಸಂದರ್ಭಗಳಿಗೆ ಸರ್ಕಾರ ನಡುರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ಸನ್ಮಾನ, ಭಾಷಣಗಳಲ್ಲಿ ಒಂಬತ್ತು ಗಂಟೆ ದಾಟಿ, ಒಂದು ತಾಸಿಗೇ ಕಾರ್ಯಕ್ರಮ ನಿಂತಾಗ ಸಮಿತಿಯವರು ಅರ್ಧ ದುಡ್ಡು ಕೊಟ್ಟು ಕಳುಹಿಸಿದ ಉದಾಹರಣೆಗಳಿದ್ದವು.

ಆದದ್ದು ಮತ್ತು ಆಗದೆ ಉಳಿದದ್ದು

ಈಗ ಮಂಜಣ್ಣ ಮೊದಲಿಗಿಂತ ಕಡಿಮೆ ರಾತ್ರಿಗಳು ನುಡಿಸುತ್ತಾರೆ, ಬಾಸ್‌ನಿಂದ ವರ್ಷಕ್ಕೆ ಸಿಗುವ ಹಣ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ಚಿತ್ರದುರ್ಗದ ಇನ್ನೊಂದು ತಂಡವೂ ಗಣೇಶೋತ್ಸವದ ಬಿಡುವಿನ ದಿನಗಳಿಗೆ ಅವರನ್ನು ಕರೆಯುತ್ತದೆ. ತಾವು ಬರಲಾಗದ ದಿನ ಬದಲಿ ವಾದಕರಿಗೆ ನೋಟ್‌ಬುಕ್ಕಿನ ಜೆರಾಕ್ಸ್ ಕಳುಹಿಸುತ್ತಾರೆ, ಹಾಗಾಗಿ ತಂಡ ತಡವರಿಸುವುದಿಲ್ಲ. ನೋಟ್‌ಬುಕ್ ಕೈಬಿಟ್ಟರೆ ಬೆಲೆ ಹೋಗುತ್ತದೆಂದು ಕೆಲವರು ಎಚ್ಚರಿಸಿದ್ದರು. ನಡೆದದ್ದು ಬೇರೆ, ಪುಸ್ತಕ ಇಟ್ಟವರು ಯಾರೆಂದು ಎರಡು ಜಿಲ್ಲೆಯ ತಂಡಗಳಿಗೂ ಗೊತ್ತಾಯಿತು.

ಕಿವಿಗೆ ಆದ ಹಾನಿ ಹಾಗೆಯೇ ಇದೆ. ಅವರು ಇಯರ್ ಪ್ಲಗ್ ಹಾಕಿಕೊಂಡೇ ನುಡಿಸುತ್ತಾರೆ. ದೊಡ್ಡ ಸ್ಪೀಕರ್‌ಗಳ ಪಕ್ಕ ಬಿಟ್ಟು ಪ್ಯಾಡ್‌ನವರ ಬಲಕ್ಕೆ ನಿಲ್ಲುತ್ತಾರೆ, ಅಲ್ಲಿಂದ ಕೀಬೋರ್ಡ್ ವಾದಕರ ಎಡಗೈಯೂ ಕಾಣುತ್ತದೆ.

ಇದೇ ಹಾದಿ ಎಲ್ಲ ಬಾಸ್ ವಾದಕರಿಗೂ ಒದಗುತ್ತದೆಂದು ಹೇಳಲಾರೆ. ಹಗಲಿನ ದುಡಿಮೆ ಇಲ್ಲದವರು ಆರತಕ್ಷತೆಗಳನ್ನು ಬಿಡುವ ಸ್ಥಿತಿಯಲ್ಲಿರುವುದಿಲ್ಲ. ಅವರು ಎರಡನೆಯ ನಿರ್ಧಾರವನ್ನು ಹಾಗೆಯೇ ಎತ್ತಿಕೊಂಡರೆ ಕಷ್ಟಕ್ಕೆ ಬೀಳುತ್ತಾರೆ. ಮೊದಲನೆಯದು ಮಾತ್ರ ಯಾವ ತಂಡದಲ್ಲಾದರೂ ಆಗಬಲ್ಲದು. ದರದ ಮಾತಿಗೂ ಹೊಸ ಆಂಪಿಗೂ ಮೊದಲು ಒಂದು ತಾಲೀಮನ್ನು ಮುದ್ರಿಸಿ, ಯಾರು ಯಾವ ಸ್ವರ ನುಡಿಸುತ್ತಿದ್ದಾರೆಂದು ಕೂತು ಕೇಳುವುದಕ್ಕೆ ಖರ್ಚೇನಿಲ್ಲ. ಮಂಜಣ್ಣ ಅದನ್ನು ಮೊದಲೇ ಮಾಡಿದ್ದರೆ ಒಂದು ಸೀಸನ್ನಿನ ಅರ್ಧ ದರ, ಆಂಪಿನ ಕಂತು, ಬಹುಶಃ ಕಿವಿಯ ಒಂದು ಪಾಲು ಉಳಿಯುತ್ತಿತ್ತು.

ಇನ್ನೂ ಇತ್ಯರ್ಥವಾಗದ ಸಂಗತಿ ತಾಲೀಮಿನದು. ಸ್ವರಗಳ ಹಂಚಿಕೆ, ಶ್ರುತಿಯ ನಿಗದಿ, ಹೊಸ ಹಾಡುಗಳ ಕಟ್ ಎಲ್ಲವೂ ತೀರ್ಮಾನವಾಗುವುದು ಅಲ್ಲಿಯೇ, ಆದರೆ ಆ ದಿನಗಳಿಗೆ ಈ ತಂಡದಲ್ಲಿ ಯಾರಿಗೂ ಸಂಭಾವನೆ ಇಲ್ಲ. ಬರುವ ಗಣೇಶನ ಹಬ್ಬಕ್ಕೆ ಮೊದಲು ಕನಿಷ್ಠ ಬಸ್ ಚಾರ್ಜು ಮತ್ತು ಊಟದ ಖರ್ಚನ್ನು ಮಾಲೀಕರು ಕೊಡಬೇಕೆಂದು ಮಂಜಣ್ಣ, ಕೀಬೋರ್ಡ್ ವಾದಕರು ಮತ್ತು ಪ್ಯಾಡ್‌ನವರು ಒಟ್ಟಾಗಿ ಕೇಳಿದ್ದಾರೆ. ಮಾಲೀಕರು ಮಳೆ ನೋಡಿಕೊಂಡು ಹೇಳುತ್ತೇನೆ ಎಂದಿದ್ದಾರೆ.